ಬರೆದದ್ದನ್ನು ಬರೆದಷ್ಟೇ ಓದಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಕ್ಕಳೇ,

ನಿಮ್ಮ ಊರುಗಳ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ನನ್ನ ನೌಕರಿಯ ಕಾಲ ಮುಗಿಯಿತು. ನಿವೃತ್ತಿಯಾದ ಮೇಲೂ ಮನೆಗೆ ಬರುವ ಹುಡುಗ ಹುಡುಗಿಯರು ಕಡಿಮೆಯಾಗಿಲ್ಲ. ಮೊದಲು ಪಿಯುಸಿ ಪ್ರಶ್ನೆಪತ್ರಿಕೆ ಹಿಡಿದು ಬರುತ್ತಿದ್ದರು, ಈಗ ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಪುಸ್ತಕ ಹಿಡಿದು ಬರುತ್ತಾರೆ. ನರ್ಸಿಂಗ್ ಮುಗಿಸಿ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆನ್ನುವವರು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ ಹೊರದೇಶದಲ್ಲಿ ಎಂ.ಎಸ್. ಮಾಡಬೇಕೆನ್ನುವವರು, ಕೃಷಿ ಪದವಿ ಪಡೆದು ಸಂಶೋಧನೆಗೆ ಹೋಗಬೇಕೆನ್ನುವವರು ಎಲ್ಲರೂ ಇದ್ದಾರೆ. ಅವರಲ್ಲಿ ಹೆಚ್ಚಿನವರ ದೂರು ಒಂದೇ: "ಸರ್, ಮಾತಾಡೋದು ಹೆಂಗೋ ನಿಭಾಯಿಸ್ತೀವಿ. ರೀಡಿಂಗ್‌ನಲ್ಲೇ ಬ್ಯಾಂಡ್ ಬರ್ತಿಲ್ಲ."

ಅವರಿಗೆ ಮನೆಯ ಜಗಲಿಯಲ್ಲಿ ಹೇಳುವುದನ್ನೇ ನಿಮ್ಮೆಲ್ಲರಿಗೂ ಇಲ್ಲಿ ಹೇಳುತ್ತಿದ್ದೇನೆ. ಬರೆದದ್ದನ್ನು ಬರೆದಷ್ಟೇ ಓದುವುದನ್ನು ಕಲಿಯಿರಿ. ಬರೆದವರು ಹೇಳದ್ದನ್ನು ಸೇರಿಸಬೇಡಿ, ಹೇಳಿದ್ದನ್ನು ಬಿಡಬೇಡಿ. ವೇಗ, ತಂತ್ರ, ಶಬ್ದಸಂಪತ್ತು ಎಲ್ಲವೂ ಬೇಕು, ಆದರೆ ಅವೆಲ್ಲ ಇದಾದ ಮೇಲೆ. ಈ ಒಂದು ಅಭ್ಯಾಸ ಇಲ್ಲದವರಿಗೆ ತಂತ್ರಗಳು ಕೈ ಹಿಡಿಯುವುದಿಲ್ಲ.

ಮೊದಲು ಪರೀಕ್ಷೆಯ ಸ್ವರೂಪ ತಿಳಿಯಿರಿ. ಅಕಾಡೆಮಿಕ್ ರೀಡಿಂಗ್‌ನಲ್ಲಿ 3 ಪ್ಯಾಸೇಜು, 40 ಪ್ರಶ್ನೆ, 60 ನಿಮಿಷ. ಮೂರೂ ಸೇರಿ 2,150ರಿಂದ 2,750 ಪದಗಳಷ್ಟು ಬರಹ. ಪುಸ್ತಕ, ಜರ್ನಲ್, ಮ್ಯಾಗಜೀನು, ದಿನಪತ್ರಿಕೆಗಳಿಂದ ಅದನ್ನು ಆರಿಸುತ್ತಾರೆ. ಆ ವಿಷಯದಲ್ಲಿ ಪಂಡಿತರಲ್ಲದವರೂ ಓದಬಲ್ಲ ಬರಹ ಅದು. ಮೂರರಲ್ಲಿ ಒಂದಾದರೂ ಹೆಜ್ಜೆ ಹೆಜ್ಜೆಯಾಗಿ ಕಟ್ಟಿದ ವಾದವಾಗಿರುತ್ತದೆ. ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪತ್ರಿಕೆಯ ಕಾಠಿನ್ಯ ನೋಡಿ ಸ್ವಲ್ಪ ಹೆಚ್ಚು ಕಡಿಮೆಯಾದರೂ, ಬ್ಯಾಂಡ್ ಎಂಬ ದರ್ಜೆ ಸುಮಾರು 23 ಸರಿಯಾದರೆ 6, 30 ಸರಿಯಾದರೆ 7, 35 ಸರಿಯಾದರೆ 8. ಅಂದರೆ 6ಕ್ಕೂ 7ಕ್ಕೂ ನಡುವೆ ಇರುವುದು ಏಳು ಪ್ರಶ್ನೆ. ನಿಮ್ಮ ಇಂಗ್ಲಿಷನ್ನೆಲ್ಲ ಬುಡದಿಂದ ಬದಲಿಸಬೇಕಾಗಿಲ್ಲ. ಆ ಏಳು ಪ್ರಶ್ನೆ ಎಲ್ಲಿ, ಯಾಕೆ ಕೈತಪ್ಪುತ್ತಿವೆ ಎಂದು ಕಂಡುಕೊಳ್ಳಬೇಕು.

ಇನ್ನೊಂದು ಸಂಗತಿಯೂ ನಿಮಗೆ ಗೊತ್ತಿರಲಿ. 1989ರಲ್ಲಿ ಈ ಪರೀಕ್ಷೆ ಆರಂಭವಾದಾಗ ಭೌತವಿಜ್ಞಾನ ತಂತ್ರಜ್ಞಾನದವರಿಗೆ, ಜೀವವಿಜ್ಞಾನ ವೈದ್ಯಕೀಯದವರಿಗೆ, ವಾಣಿಜ್ಯ ಸಮಾಜವಿಜ್ಞಾನದವರಿಗೆ ಬೇರೆ ಬೇರೆ ರೀಡಿಂಗ್ ಪತ್ರಿಕೆಗಳಿದ್ದವು. 1995ರಲ್ಲಿ ಅವನ್ನು ತೆಗೆದು ಎಲ್ಲರಿಗೂ ಒಂದೇ ಪತ್ರಿಕೆ ಮಾಡಿದರು. ಆದ್ದರಿಂದ ನರ್ಸ್ ಆಗುವವಳೂ ಎಂಜಿನಿಯರೂ ಇಂದು ತಿಮಿಂಗಿಲದ ಬಗೆಗೋ ಗಾಜಿನ ಇತಿಹಾಸದ ಬಗೆಗೋ ಒಂದೇ ಪ್ಯಾಸೇಜ್ ಓದುತ್ತಾರೆ. ನಿಮಗೆ ಏನು ಗೊತ್ತಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಕಣ್ಣ ಮುಂದಿನ ಬರಹ ಏನು ಹೇಳುತ್ತಿದೆ ಎಂದು ಗುರುತಿಸಬಲ್ಲಿರಾ ಎಂಬುದಷ್ಟೇ ಲೆಕ್ಕ.

ನಮ್ಮ ಮಕ್ಕಳು ಹೆಚ್ಚು ಎಡವುವುದು 'ಟ್ರೂ, ಫಾಲ್ಸ್, ನಾಟ್ ಗಿವನ್' ಎಂಬ ಪ್ರಶ್ನೆಗಳಲ್ಲಿ. ಪ್ರಶ್ನೆಯಲ್ಲಿ ಕೊಟ್ಟ ಹೇಳಿಕೆಯನ್ನು ಬರಹ ಒಪ್ಪಿದರೆ ಟ್ರೂ, ಅದಕ್ಕೆ ವಿರುದ್ಧವಾಗಿ ಹೇಳಿದರೆ ಫಾಲ್ಸ್, ಹೌದು ಅಲ್ಲ ಎರಡೂ ಹೇಳದೆ ಇದ್ದರೆ ನಾಟ್ ಗಿವನ್. ಇದನ್ನು ಕನ್ನಡದಲ್ಲೇ, ನಿಮ್ಮೂರಿನ ವಿಷಯದಲ್ಲೇ ಮಾಡಿ ನೋಡೋಣ. ಈ ಕೆಳಗಿನದನ್ನು ಒಂದು ಪ್ಯಾಸೇಜ್ ಎಂದು ತಿಳಿದು ಓದಿ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಎರಡು ಗುಡ್ಡಗಳ ನಡುವೆ ಹರಿಯುವ ಹರಿದ್ರಾವತಿ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಈ ಕೆರೆಯನ್ನು ಕಟ್ಟಿದ್ದಾರೆ. ಶಾಂತವ್ವ ಎಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂದು ಈ ಭಾಗದ ಜನ ಹೇಳುತ್ತಾರೆ. ಈಗ ಹಳ್ಳದ ನೀರಿನ ಜೊತೆಗೆ ಭದ್ರಾ ನಾಲೆಯ ನೀರೂ ಕೆರೆಗೆ ಬರುತ್ತದೆ. ಕೆರೆಯ ನೀರು ಗದ್ದೆ ತೋಟಗಳಿಗಲ್ಲದೆ ಚಿತ್ರದುರ್ಗ ನಗರಕ್ಕೆ ಕುಡಿಯಲೂ ಹೋಗುತ್ತದೆ.

ಈಗ ನಾಲ್ಕು ಹೇಳಿಕೆಗಳು. ಒಂದು, ಕೆರೆಗೆ ಒಂದಕ್ಕಿಂತ ಹೆಚ್ಚು ಕಡೆಯಿಂದ ನೀರು ಬರುತ್ತದೆ. ಎರಡು, ಕೆರೆಯ ನೀರನ್ನು ಬೇಸಾಯಕ್ಕೆ ಮಾತ್ರ ಬಳಸುತ್ತಾರೆ. ಮೂರು, ಇದು ಏಷ್ಯಾದ ಅತಿ ದೊಡ್ಡ ಕೆರೆಗಳಲ್ಲಿ ಒಂದು. ನಾಲ್ಕು, ಶಾಂತವ್ವನೇ ಕೆರೆ ಕಟ್ಟಿಸಿದಳೆಂಬುದಕ್ಕೆ ಶಾಸನದ ಆಧಾರವಿದೆ.

ಮೊದಲನೆಯದು ಟ್ರೂ. 'ಒಂದಕ್ಕಿಂತ ಹೆಚ್ಚು ಕಡೆ' ಎಂಬ ಮಾತು ಬರಹದಲ್ಲಿಲ್ಲ, ಆದರೆ ಹಳ್ಳ ಮತ್ತು ನಾಲೆ ಎರಡೂ ಇವೆ, ಅಷ್ಟು ಸಾಕು. ಎರಡನೆಯದು ಫಾಲ್ಸ್. 'ಮಾತ್ರ' ಎಂಬುದನ್ನು ಚಿತ್ರದುರ್ಗದ ಕುಡಿಯುವ ನೀರು ತಳ್ಳಿಹಾಕುತ್ತದೆ. ಮೂರನೆಯದಕ್ಕೆ ಚನ್ನಗಿರಿಯ ಯಾವ ಮಗುವೂ ಹಿಂದೆಮುಂದೆ ನೋಡದೆ ಟ್ರೂ ಎಂದು ಬರೆಯುತ್ತದೆ, ಬುದ್ಧಿ ಬಂದಾಗಿನಿಂದ ಅದು ಕೇಳಿದ್ದೇ ಆ ಮಾತು. ಆದರೆ ಈ ಪ್ಯಾಸೇಜಿನಲ್ಲಿ ಕೆರೆಯ ಗಾತ್ರದ ಸುದ್ದಿಯೇ ಇಲ್ಲ. ಉತ್ತರ ನಾಟ್ ಗಿವನ್. ನಾಲ್ಕನೆಯದೂ ನಾಟ್ ಗಿವನ್. ಜನ ಹೇಳುತ್ತಾರೆ ಎಂದಷ್ಟೇ ಬರಹದಲ್ಲಿದೆ. ಶಾಸನ ಇದೆ ಎಂದೂ ಅದು ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಹೇಳಿಕೆಯನ್ನು ಪುಷ್ಟೀಕರಿಸದ ಬರಹವೆಲ್ಲ ಅದನ್ನು ನಿರಾಕರಿಸುತ್ತದೆ ಎಂದುಕೊಂಡು ಫಾಲ್ಸ್ ಹಾಕುವವರು ಬಹಳ. ಫಾಲ್ಸ್ ಎನ್ನಬೇಕಾದರೆ ಎದುರು ಹೇಳುವ ಸಾಲಿನ ಮೇಲೆ ನೀವು ಬೆರಳಿಟ್ಟು ತೋರಿಸಬೇಕು. ತೋರಿಸಲು ಸಾಲೇ ಇಲ್ಲವೆಂದರೆ ಅದು ಫಾಲ್ಸ್ ಅಲ್ಲ.

ಈ ತೊಡಕಿಗೆ ಬುದ್ಧಿ ಕಡಿಮೆಯಾದದ್ದು ಕಾರಣವಲ್ಲ, ನಾವು ಶಾಲೆಯಲ್ಲಿ ಓದಿ ಬಂದ ರೀತಿ ಕಾರಣ. ಪಾಠ ಮುಗಿದ ಮೇಲೆ ಪ್ರಶ್ನೋತ್ತರದ ದಿನ ಮೇಷ್ಟ್ರು "ಇಲ್ಲಿಂದ ಇಲ್ಲಿವರೆಗೆ ಬ್ರಾಕೆಟ್ ಹಾಕ್ಕೊಳ್ರಿ" ಎನ್ನುತ್ತಾರೆ. ಮಕ್ಕಳು ಹಾಕಿಕೊಂಡು ಬಾಯಿಪಾಠ ಮಾಡುತ್ತಾರೆ. ಉತ್ತರ ಎಲ್ಲಿದೆ ಎಂದು ಹುಡುಕುವುದೇ ಓದಿನ ನಿಜವಾದ ಕೆಲಸ, ಆ ಕೆಲಸವನ್ನು ಮಗುವಿನ ಬದಲು ಮೇಷ್ಟ್ರೇ ಮಾಡಿ ಮುಗಿಸಿರುತ್ತಾರೆ. ಹಾಗೆ ಹತ್ತು ಹನ್ನೆರಡು ವರ್ಷ ಓದಿದವರನ್ನು ಇದ್ದಕ್ಕಿದ್ದಂತೆ ಅಪರಿಚಿತ ಬರಹದ ಮುಂದೆ ಕೂರಿಸಿದರೆ ಕಂಗಾಲಾಗುವುದು ಸಹಜ. ನೀವು ಮಾಡಬೇಕಾದದ್ದು ಇಷ್ಟೇ: ಬ್ರಾಕೆಟ್ ಹಾಕುವ ಕೆಲಸವನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಪ್ರತಿ ಉತ್ತರಕ್ಕೂ ಅದನ್ನು ಸಾಬೀತು ಮಾಡುವ ಸಾಲನ್ನು ಪೆನ್ಸಿಲಿನಲ್ಲಿ ಗುರುತಿಸದೆ ಮುಂದಿನ ಪ್ರಶ್ನೆಗೆ ಹೋಗಬೇಡಿ.

ಇನ್ನು ಉದ್ದನೆಯ ವಾಕ್ಯಗಳ ವಿಚಾರ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವರ್ಣನೆಯೆಲ್ಲ ಹೆಸರಿಗಿಂತ ಮೊದಲೇ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಹೆಸರು ಮೊದಲು ಬರುತ್ತದೆ, ಅದರ ಬೆನ್ನಿಗೆ 'ವಿಚ್', 'ಹೂ', 'ದಟ್' ಎಂದು ಎರಡು ಸಾಲು ವರ್ಣನೆ ನಡೆಯುತ್ತದೆ, ಆಮೇಲೆ ಎಲ್ಲೋ ನಡುವೆ ಮುಖ್ಯ ಕ್ರಿಯಾಪದ ಸಿಗುತ್ತದೆ. ನಮ್ಮ ಮನಸ್ಸು ಅದನ್ನು ಕೊನೆಯಲ್ಲಿ ಹುಡುಕುತ್ತ ಹೋಗಿ ದಾರಿ ತಪ್ಪುತ್ತದೆ. ಜಗಳೂರಿನವರಿಗೆ ಗೊತ್ತಿರುವ ಪ್ರಾಣಿಯನ್ನೇ ತೆಗೆದುಕೊಳ್ಳಿ. ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಿದರು. ಭಾರತ ಮತ್ತು ನೇಪಾಳದಲ್ಲಿ ಮಾತ್ರ ಇರುವ ಪ್ರಾಣಿ ಅದು. ಗಂಡಿಗೆ ಎರಡು ಜೋಡಿ ಕೊಂಬು, ಮುಂದಿನ ಜೋಡಿ ಚಿಕ್ಕದು. ಹೆಣ್ಣಿಗೆ ಕೊಂಬೇ ಇಲ್ಲ. ಇಷ್ಟನ್ನೂ ಒಬ್ಬ ಇಂಗ್ಲಿಷ್ ಲೇಖಕ ಒಂದೇ ವಾಕ್ಯದಲ್ಲಿ ತುಂಬಿ, ವರ್ಣನೆಯಾದ ಮೇಲೆ ಈ ಪ್ರಾಣಿ ಒಣ ಎಲೆಯುದುರುವ ಕಾಡನ್ನು ನೆಚ್ಚಿಕೊಂಡಿದೆ ಎಂದು ಮುಗಿಸಬಲ್ಲ.

ಅಂಥ ವಾಕ್ಯ ಎದುರಾದಾಗ ಮೊದಲು 'ಯಾರು' ಎಂಬುದರ ಕೆಳಗೆ ಒಂದು ಗೆರೆ ಎಳೆಯಿರಿ, 'ಏನು ಮಾಡಿತು' ಎಂಬುದರ ಕೆಳಗೆ ಇನ್ನೊಂದು ಗೆರೆ. ಕೊಂಡುಕುರಿ, ನೆಚ್ಚಿಕೊಂಡಿದೆ. ವಾಕ್ಯದ ಬೆನ್ನೆಲುಬು ಸಿಕ್ಕಿತು. ಉಳಿದ ವರ್ಣನೆಯನ್ನು ಆಮೇಲೆ ಒಂದೊಂದಾಗಿ ಜೋಡಿಸಿಕೊಳ್ಳಿ. ಮೊದಮೊದಲು ಒಂದು ಪ್ಯಾರಾಕ್ಕೆ ಹತ್ತು ನಿಮಿಷ ಹಿಡಿಯಬಹುದು, ಹಿಡಿಯಲಿ. ನಿಧಾನವಾಗಿ ಸರಿಯಾಗಿ ಓದಿದ್ದು ತಾನಾಗಿ ವೇಗ ಪಡೆಯುತ್ತದೆ. ಅರ್ಥವಾಗದೆ ಓಡಿದ ಕಣ್ಣು ಅದೇ ಸಾಲಿಗೆ ಮೂರು ಸಲ ವಾಪಸ್ ಬರುತ್ತದೆ, ಸಮಯ ಹೋಗುವುದೇ ಅಲ್ಲಿ.

ಸಣ್ಣ ಶಬ್ದಗಳನ್ನು ಅಸಡ್ಡೆ ಮಾಡಬೇಡಿ. 'ಆಲ್' ಎಲ್ಲಿದೆ, 'ಮೋಸ್ಟ್' ಎಲ್ಲಿದೆ, 'ಓನ್ಲಿ' ಇದೆಯೇ, ಲೇಖಕ 'ಈಸ್' ಎಂದಿದ್ದಾನೆಯೇ 'ಮೇ ಬಿ' ಎಂದಿದ್ದಾನೆಯೇ, 'ಆಲ್ದೋ' ಎಂದು ಶುರುಮಾಡಿ ಮೊದಲ ಅರ್ಧದಲ್ಲಿ ಒಪ್ಪಿದ್ದನ್ನು ಎರಡನೇ ಅರ್ಧದಲ್ಲಿ ಸಡಿಲಿಸಿದ್ದಾನೆಯೇ ಎಂದು ನೋಡಿ. ದೊಡ್ಡ ಶಬ್ದಕ್ಕೆ ಅರ್ಥ ತಿಳಿಯದಿದ್ದರೂ ಸಂದರ್ಭದಿಂದ ಊಹಿಸಬಹುದು. ಈ ಸಣ್ಣ ಶಬ್ದ ಕಣ್ತಪ್ಪಿದರೆ ಉತ್ತರವೇ ತಲೆಕೆಳಗಾಗುತ್ತದೆ.

ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವ ಪ್ರಶ್ನೆಯಲ್ಲೂ ಇದೇ ಎಚ್ಚರ ಬೇಕು. ನಮ್ಮ ಜಿಲ್ಲೆಯ ಹೊಲಗಳಲ್ಲಿ ತುಂಬಿರುವ ಮೆಕ್ಕೆಜೋಳದ ಬಗ್ಗೆ ಒಂದು ಪ್ಯಾರಾ ಇದೆ ಎಂದುಕೊಳ್ಳಿ. ಮೆಕ್ಕೆಜೋಳದ ಕಾಡುಮೂಲ ಯಾವುದೆಂದು ವಿಜ್ಞಾನಿಗಳಲ್ಲಿ ಬಹುಕಾಲ ಒಮ್ಮತವಿರಲಿಲ್ಲ ಎಂದು ಅದು ಶುರುವಾಗುತ್ತದೆ. ಟಿಯೋಸಿಂಟೆ ಎಂಬ ಹುಲ್ಲೇ ಅದರ ಮೂಲ, ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಜನ ಅದನ್ನು ಪಳಗಿಸಿದರು ಎಂದು ತಳಿವಿಜ್ಞಾನ ಮತ್ತು ಪುರಾತತ್ತ್ವದ ಸಾಕ್ಷ್ಯಗಳಿಂದ ತಿಳಿಯಿತು ಎಂದು ಮುಗಿಯುತ್ತದೆ. ಶೀರ್ಷಿಕೆಗಳ ಪಟ್ಟಿಯಲ್ಲಿ 'ಮೆಕ್ಸಿಕೋದ ಬೇಸಾಯ' ಎಂದೂ ಇದೆ, 'ಬಗೆಹರಿದ ಒಂದು ವಿವಾದ' ಎಂದೂ ಇದೆ. ಅವಸರದ ಓದುಗ ಮೆಕ್ಸಿಕೋ ಎಂಬ ಶಬ್ದ ಕಂಡ ಕೂಡಲೇ ಮೊದಲನೆಯದನ್ನು ಹಾಕುತ್ತಾನೆ. ಆದರೆ ಆ ಪ್ಯಾರಾ ಮಾಡುತ್ತಿರುವ ಕೆಲಸ ವಿವಾದ ಹೇಗೆ ಬಗೆಹರಿಯಿತೆಂದು ಹೇಳುವುದು. ಪ್ರತಿ ಪ್ಯಾರಾ ಓದಿದ ಮೇಲೆ 'ಇದು ಏನು ಮಾಡುತ್ತಿದೆ' ಎಂದು ಕೇಳಿಕೊಂಡು ನಾಲ್ಕು ಪದಗಳಲ್ಲಿ ಅಂಚಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಪಟ್ಟಿಯಲ್ಲಿ ಪ್ಯಾರಾಗಳಿಗಿಂತ ಹೆಚ್ಚು ಶೀರ್ಷಿಕೆಗಳಿರುತ್ತವೆ. ನಿಮ್ಮದೇ ಟಿಪ್ಪಣಿ ಕೈಯಲ್ಲಿದ್ದರೆ ಆ ಹೆಚ್ಚುವರಿ ಶೀರ್ಷಿಕೆಗಳು ದಾರಿ ತಪ್ಪಿಸುವುದಿಲ್ಲ.

ಒಂದು ಪ್ರಕ್ರಿಯೆಯ ಹಂತಗಳನ್ನು ತುಂಬುವ ಪ್ರಶ್ನೆ ಬಂದರೆ ಚನ್ನಗಿರಿ, ಹೊನ್ನಾಳಿ ಸೀಮೆಯ ಮಕ್ಕಳು ಅಂಜಬೇಕಾಗಿಲ್ಲ. ಕೊನೆ ಕೊಯ್ಯುವುದು, ಅಡಿಕೆ ಸುಲಿಯುವುದು, ಚೊಗರಿನಲ್ಲಿ ಬೇಯಿಸುವುದು, ಅಂಗಳದಲ್ಲಿ ಒಣಗಿಸುವುದು, ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವುದು, ಇದನ್ನೆಲ್ಲ ನೀವು ಕಣ್ಣಾರೆ ಕಂಡು ಬೆಳೆದಿದ್ದೀರಿ. ಮನೆಯ ಅಡಿಕೆ ಸಂಸ್ಕರಣೆಯನ್ನು ಸರಳ ಇಂಗ್ಲಿಷಿನಲ್ಲಿ ನೂರು ಪದಗಳಲ್ಲಿ ಬರೆಯಿರಿ. ಪ್ರಕ್ರಿಯೆ ಹೇಳುವಾಗ ಇಂಗ್ಲಿಷ್ ಮಾಡುವವರನ್ನು ಬಿಟ್ಟು 'ಕೊಯ್ಯಲಾಗುತ್ತದೆ, ಬೇಯಿಸಲಾಗುತ್ತದೆ' ಎಂಬ ಕರ್ಮಣಿ ಪ್ರಯೋಗಕ್ಕೆ ಹೋಗುತ್ತದೆ ಎಂದು ಬರೆಯುವಾಗಲೇ ತಿಳಿಯುತ್ತದೆ. ಒಮ್ಮೆ ಹಾಗೆ ಬರೆದವರಿಗೆ ಕಾಗದ ತಯಾರಿಕೆಯ ಪ್ಯಾಸೇಜಾಗಲಿ ಸಿಮೆಂಟಿನದಾಗಲಿ ಗೊಂದಲ ಮಾಡುವುದಿಲ್ಲ. ಉತ್ತರ ತುಂಬುವಾಗ 'ನೋ ಮೋರ್ ದ್ಯಾನ್ ಟೂ ವರ್ಡ್ಸ್' ಎಂದಿದ್ದರೆ ಎರಡೇ ಪದ. ಮೂರು ಬರೆದರೆ ಅರ್ಥ ಸರಿಯಿದ್ದರೂ ಅಂಕವಿಲ್ಲ. ಕಾಗುಣಿತ ತಪ್ಪಿದರೂ ಇಲ್ಲ. ಪದ ಪ್ಯಾಸೇಜಿನಲ್ಲೇ ಇರುತ್ತದೆ, ನೋಡಿ ಬರೆಯಿರಿ. ಇಲ್ಲಿ ಅಂಕ ಕಳೆದುಕೊಂಡರೆ ಅದು ಅಜಾಗ್ರತೆ ಮಾತ್ರ.

ಪ್ರಶ್ನೆಗಳ ಕ್ರಮವನ್ನೂ ತಿಳಿದಿರಿ. ಟ್ರೂ-ಫಾಲ್ಸ್ ಪ್ರಶ್ನೆಗಳು, ಅವುಗಳ ಉತ್ತರ ಬರಹದಲ್ಲಿ ಬರುವ ಕ್ರಮದಲ್ಲೇ ಇರುತ್ತವೆ. ಎರಡನೆಯದು ಸಿಕ್ಕಿ, ನಾಲ್ಕನೆಯದು ಸಿಕ್ಕಿದರೆ ಮೂರನೆಯದನ್ನು ಆ ಎರಡರ ನಡುವೆ ಹುಡುಕಿ. ಯಾವ ಪ್ಯಾರಾದಲ್ಲಿ ಯಾವ ಮಾಹಿತಿ ಇದೆ ಎಂದು ಕೇಳುವ ಪ್ರಶ್ನೆಗಳಿಗೆ ಈ ಕ್ರಮವಿಲ್ಲ. ಅವನ್ನು ಆ ಪ್ಯಾಸೇಜಿನ ಉಳಿದ ಪ್ರಶ್ನೆಗಳು ಮುಗಿದ ಮೇಲೆ ಹಿಡಿಯಿರಿ, ಅಷ್ಟರಲ್ಲಿ ಬರಹದ ಪರಿಚಯ ಚೆನ್ನಾಗಿ ಆಗಿರುತ್ತದೆ.

ಶಬ್ದಸಂಪತ್ತಿಗೆ ಡಿಕ್ಷನರಿಯನ್ನು ಎ ಇಂದ ಬಾಯಿಪಾಠ ಮಾಡುವ ಹುಡುಗರನ್ನು ಕಂಡಿದ್ದೇನೆ. ಆ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸೆ ನಾನಾ ಶಾಸ್ತ್ರಗಳ ಬರಹಗಳನ್ನು ಪರಿಶೀಲಿಸಿ, ಎಲ್ಲದರಲ್ಲೂ ಮತ್ತೆ ಮತ್ತೆ ಬರುವ 570 ಶಬ್ದಕುಟುಂಬಗಳ ಪಟ್ಟಿಯೊಂದನ್ನು 2000ದಲ್ಲಿ ಪ್ರಕಟಿಸಿದರು. ಅಕಾಡೆಮಿಕ್ ವರ್ಡ್ ಲಿಸ್ಟ್ ಎಂದು ಹುಡುಕಿದರೆ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಐದರಂತೆ ಕಲಿತರೆ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ. ಒಂದೊಂದು ಶಬ್ದದ ಜೊತೆಗೂ ಅದು ಬಂದ ವಾಕ್ಯವನ್ನು ಬರೆದಿಡಿ. ವಾಕ್ಯವಿಲ್ಲದ ಶಬ್ದ ಪರೀಕ್ಷೆಯ ಹೊತ್ತಿಗೆ ನೆನಪಿಗೆ ಬರುವುದಿಲ್ಲ.

ಈಗ ಕೆಲವರಿಗೆ ವಿಚಿತ್ರವೆನಿಸಬಹುದಾದ ಒಂದು ಮಾತು. ಕನ್ನಡದಲ್ಲೂ ಓದಿ, ಗಂಭೀರವಾದದ್ದನ್ನು ಓದಿ. ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ', ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು', ಪೂರ್ಣಚಂದ್ರ ತೇಜಸ್ವಿಯವರ ಮಿಲೇನಿಯಂ ಮಾಲೆ, ನಾಗೇಶ ಹೆಗಡೆಯವರ ವಿಜ್ಞಾನ ಬರಹಗಳು, ಇವು ತಾಲ್ಲೂಕಿನ ಗ್ರಂಥಾಲಯದಲ್ಲಿ ಹುಡುಕಿದರೆ ಸಿಗುವಂಥವು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಕೇಳಿ ನೋಡಿ. ಜ್ವಾಲಾಮುಖಿ ಯಾಕೆ ಸಿಡಿಯುತ್ತದೆ, ಹಕ್ಕಿ ಹೇಗೆ ವಲಸೆ ಹೋಗುತ್ತದೆ ಎಂದು ಕನ್ನಡದಲ್ಲಿ ಅರ್ಥಮಾಡಿಕೊಂಡವರಿಗೆ ಇಂಗ್ಲಿಷ್ ಪ್ಯಾಸೇಜು ಅರ್ಧ ಪರಿಚಿತ. ಹಾಗಾದರೆ ಗೊತ್ತಿರುವುದನ್ನು ತರಬೇಡಿ ಎಂದದ್ದು ಏನಾಯಿತು ಎಂದು ಕೇಳುವಿರಿ. ತಿಳಿವಳಿಕೆ ಬರಹವನ್ನು ಅರ್ಥಮಾಡಿಕೊಳ್ಳಲು ನೆರವಾಗಲಿ, ಉತ್ತರ ಬರೆಯುವಾಗ ಮಾತ್ರ ಬರಹದ ಸಾಲೇ ಸಾಕ್ಷಿ. ಇವೆರಡನ್ನು ಬೇರೆಬೇರೆಯಾಗಿ ಇಡಲು ಬಂದರೆ ನೀವು ಒಳ್ಳೆಯ ಓದುಗರಾದಿರಿ ಎಂದೇ ಅರ್ಥ.

ನ್ಯಾಮತಿ ಸುತ್ತಿನ ತಾಂಡಾಗಳ ಮಕ್ಕಳಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕು. ನಿಮ್ಮ ಮನೆಮಾತು ಲಂಬಾಣಿ, ಶಾಲೆಯ ಮಾತು ಕನ್ನಡ, ಇಂಗ್ಲಿಷ್ ಮೂರನೆಯದು. ಉರ್ದು ಮನೆಮಾತಿನ ಮಕ್ಕಳದೂ ಇದೇ ಸ್ಥಿತಿ. ಇದನ್ನು ಕೊರತೆಯೆಂದು ಹೇಳಿಕೊಂಡು ಬರುವವರಿಗೆ ನಾನು ಹೇಳುವುದು ಬೇರೆ. ಮನೆಯಲ್ಲಿ ಆಡದ ಭಾಷೆಯಲ್ಲಿ ಕೂತು ಸಮಾಜ, ವಿಜ್ಞಾನ, ಗಣಿತ ಓದಿ ಎಸ್ಸೆಸ್ಸೆಲ್ಸಿ ದಾಟಿದವರು ನೀವು. ಪರಭಾಷೆಯ ಬರಹವನ್ನು ಒಡೆದು ಅರ್ಥ ತೆಗೆಯುವುದನ್ನು ಆರೇಳು ವರ್ಷದವರಿದ್ದಾಗಲೇ ಕಲಿತಿದ್ದೀರಿ. ಈ ಪರೀಕ್ಷೆ ಕೇಳುವುದೂ ಅದನ್ನೇ. ಧೈರ್ಯವಾಗಿ ಕೂರಿ.

ಅಭ್ಯಾಸದ ಕ್ರಮ ಹೀಗಿರಲಿ. ಮೊದಲ ಒಂದೆರಡು ತಿಂಗಳು ಗಡಿಯಾರ ಇಟ್ಟುಕೊಳ್ಳಬೇಡಿ. ದಿನಕ್ಕೆ ಒಂದು ಪ್ಯಾಸೇಜ್, ಎಷ್ಟು ಹೊತ್ತಾದರೂ ಆಗಲಿ, ಪ್ರತಿ ಉತ್ತರಕ್ಕೂ ಸಾಕ್ಷಿಯ ಸಾಲು. ಆಮೇಲೆ ಒಂದು ಪ್ಯಾಸೇಜಿಗೆ 20 ನಿಮಿಷ. ಅದು ಒಗ್ಗಿದ ಮೇಲೆ ಮೂರೂ ಸೇರಿ 60 ನಿಮಿಷ, ನಡುವೆ ಏಳದೆ, ಫೋನ್ ಮುಟ್ಟದೆ. ಪ್ಯಾಸೇಜುಗಳು ಒಂದಕ್ಕಿಂತ ಒಂದು ಕಷ್ಟವಾಗುತ್ತ ಹೋಗುವುದರಿಂದ ಮೊದಲನೆಯದನ್ನು ಹದಿನೈದು ಹದಿನೇಳು ನಿಮಿಷದಲ್ಲಿ ಮುಗಿಸಿ ಉಳಿದದ್ದನ್ನು ಮೂರನೆಯದಕ್ಕೆ ಕೊಡಿ. ಕಾಗದದಲ್ಲಿ ಬರೆಯುವುದಾದರೆ ಉತ್ತರಗಳನ್ನು ನೇರವಾಗಿ ಉತ್ತರಪತ್ರಿಕೆಗೇ ಬರೆಯಿರಿ, ರೀಡಿಂಗ್‌ನಲ್ಲಿ ಆಮೇಲೆ ಎತ್ತಿ ಬರೆಯಲು ಬೇರೆ ಸಮಯ ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ಬರೆಯುವುದಾದರೆ ಪರದೆಯ ಮೇಲೆ ಉದ್ದ ಬರಹ ಓದುವುದನ್ನು ಈಗಲೇ ರೂಢಿಸಿಕೊಳ್ಳಿ. ಸಾಲುಗಳಿಗೆ ಬಣ್ಣ ಬಳಿದು ಗುರುತು ಮಾಡಿಕೊಳ್ಳುವ ಅನುಕೂಲ ಅಲ್ಲಿದೆ, ಬಳಸಿ.

ತಪ್ಪುಗಳಿಗೊಂದು ಪ್ರತ್ಯೇಕ ನೋಟ್‌ಬುಕ್ ಇಡಿ. ಎಷ್ಟು ಅಂಕ ಬಂತು ಎಂದು ಬರೆಯುವುದಕ್ಕಿಂತ ಪ್ರತಿ ತಪ್ಪಿನ ಎದುರು ಕಾರಣ ಬರೆಯುವುದು ಮುಖ್ಯ. ಶಬ್ದ ಗೊತ್ತಿರಲಿಲ್ಲವೇ, ವಾಕ್ಯ ಬಿಡಿಸಲು ಆಗಲಿಲ್ಲವೇ, ಸ್ವಂತ ತಿಳಿವಳಿಕೆಯನ್ನು ತಂದಿರೇ, ಸಮಯ ಸಾಲದೆ ಊಹಿಸಿದಿರೇ, ಕಾಗುಣಿತವೇ? ಕೆಲವು ವಾರಗಳಲ್ಲಿ ಯಾವ ಕಾರಣ ಹೆಚ್ಚು ಸಲ ಬಂದಿದೆ ಎಂದು ಆ ಪುಟಗಳೇ ತೋರಿಸುತ್ತವೆ. ಕೈತಪ್ಪುತ್ತಿರುವ ಆ ಏಳು ಪ್ರಶ್ನೆಗಳು ಅಲ್ಲಿ ಸಿಗುತ್ತವೆ. ಪ್ರಶ್ನೆಪತ್ರಿಕೆಗಳಿಗೆ ಐಇಎಲ್‌ಟಿಎಸ್‌ನ ಅಧಿಕೃತ ಜಾಲತಾಣದಲ್ಲಿ ಉಚಿತ ಮಾದರಿಗಳಿವೆ, ಕೇಂಬ್ರಿಜ್ ಪ್ರಕಾಶನದ ಅಭ್ಯಾಸ ಪುಸ್ತಕಗಳಿವೆ. ಈ ತಿಂಗಳು ಇದೇ ಬರುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಫೈಲುಗಳನ್ನು ನಂಬಿ ಓದಬೇಡಿ.

ದುಡ್ಡಿನ ವಿಚಾರ ಹೇಳದೆ ಬಿಡುವುದು ಸರಿಯಲ್ಲ. ಪರೀಕ್ಷೆಯ ಶುಲ್ಕ 15,000 ರೂಪಾಯಿ ಮೀರಿದೆ. ಮಳೆ ನೆಚ್ಚಿದ ಜಗಳೂರಿನ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಆದ್ದರಿಂದ ಮನೆಯಲ್ಲಿ ಮಾಡಿದ ಪೂರ್ಣ ಪರೀಕ್ಷೆಗಳಲ್ಲಿ ಬೇಕಾದ ಬ್ಯಾಂಡ್ ಸತತವಾಗಿ ಬರುವವರೆಗೆ ಹಣ ಕಟ್ಟಬೇಡಿ. ಬೇಕಾದ ಬ್ಯಾಂಡ್ ಎಷ್ಟೆಂದು ನೀವೇ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಓದಿ ತಿಳಿಯಿರಿ, ಏಜೆಂಟರ ಬಾಯಿಂದಲ್ಲ. ಒಟ್ಟಾರೆ ಬ್ಯಾಂಡ್ ಬಂದರೂ ಒಂದು ವಿಭಾಗದಲ್ಲಿ ಕಡಿಮೆಯಾಯಿತೆಂದು ಅರ್ಜಿ ತಿರಸ್ಕಾರವಾಗಬಹುದು. ಬ್ರಿಟನ್ನಿನ ನರ್ಸಿಂಗ್ ಮಂಡಳಿ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗ್‌ನಲ್ಲಿ 6.5 ಕೇಳುತ್ತದೆ, ಅದೂ ಅಕಾಡೆಮಿಕ್ ಪರೀಕ್ಷೆಯಲ್ಲೇ. ಜನರಲ್ ಟ್ರೈನಿಂಗ್ ಎಂಬ ಇನ್ನೊಂದು ಬಗೆಗೆ ಅರ್ಜಿ ಹಾಕಿ ಹಣ ಕಳೆದುಕೊಳ್ಳಬೇಡಿ. ಫಲಿತಾಂಶಕ್ಕೆ 2 ವರ್ಷವಷ್ಟೇ ಮಾನ್ಯತೆ, ತೀರ ಮುಂಚೆಯೂ ಬರೆಯಬೇಡಿ. ಪರೀಕ್ಷೆಯಿಲ್ಲದೆ ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವವರು ವಂಚಕರು. ವಿಶ್ವವಿದ್ಯಾಲಯಗಳು ಫಲಿತಾಂಶವನ್ನು ನೇರವಾಗಿ ಪರಿಶೀಲಿಸುತ್ತವೆ, ಸಿಕ್ಕಿಬಿದ್ದರೆ ಮುಂದಿನ ದಾರಿಯೂ ಮುಚ್ಚುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ವಿದೇಶ ವ್ಯಾಸಂಗಕ್ಕೆ ರಾಜ್ಯ ಸರ್ಕಾರದ 'ಪ್ರಬುದ್ಧ' ಯೋಜನೆಯಿದೆ. ಈ ವರ್ಷದ ನಿಯಮಗಳನ್ನು ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಕೇಳಿ, ಆದೇಶದ ಪ್ರತಿ ಪಡೆದು ನೀವೇ ಓದಿ. ಅದೂ ಒಂದು ರೀಡಿಂಗ್ ಅಭ್ಯಾಸವೇ.

ಕೊನೆಯದಾಗಿ, ಈ ಓದನ್ನು ಬರೀ ಪರೀಕ್ಷೆಯ ಮೆಟ್ಟಿಲೆಂದು ಎಣಿಸಬೇಡಿ. 1913ರಲ್ಲಿ ಬರೋಡದ ವಿದ್ಯಾರ್ಥಿವೇತನ ಪಡೆದು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರರನ್ನು ನೆನೆಯಿರಿ. 1936ರಲ್ಲಿ ಅವರು ಬರೆದ 'ಜಾತಿ ವಿನಾಶ'ಕ್ಕೆ ಗಾಂಧೀಜಿ ಆಕ್ಷೇಪ ಬರೆದರು. ಮರುವರ್ಷದ ಆವೃತ್ತಿಯಲ್ಲಿ ಅಂಬೇಡ್ಕರರು ಆ ಆಕ್ಷೇಪವನ್ನು ಗಾಂಧೀಜಿಯ ಮಾತಿನಲ್ಲೇ ಅಚ್ಚು ಹಾಕಿಸಿ, ಆಮೇಲೆ ತಮ್ಮ ಉತ್ತರವನ್ನು ಸೇರಿಸಿದರು. ಎದುರಿನವರು ಏನು ಹೇಳಿದ್ದಾರೋ ಅದನ್ನು ಅಷ್ಟೇ ಇಟ್ಟು, ಆಮೇಲೆ ವಾದಿಸುವುದು. ವಿದ್ವತ್ತಿನ ಓದು ಎಂದರೆ ಇದೇ. ಹೊರದೇಶದ ತರಗತಿಯಲ್ಲಿ ನಿಮ್ಮಿಂದ ನಿರೀಕ್ಷಿಸುವುದೂ ಇದನ್ನೇ. ಒಬ್ಬರು ಹೇಳದ್ದನ್ನು ಅವರ ಬಾಯಿಗೆ ತುರುಕಿ ಜಗಳಕ್ಕೆ ನಿಲ್ಲುವ ಈ ಕಾಲದಲ್ಲಿ ಊರಿಗೂ ಇಂಥ ಓದುಗರು ಬೇಕು. ಬೆಳೆವಿಮೆಯ ಕರಾರಿನಲ್ಲಿ ಯಾವ ನಷ್ಟಕ್ಕೆ ಪರಿಹಾರವಿದೆ, ಯಾವುದಕ್ಕೆ ಇಲ್ಲ, ಯಾವುದರ ಪ್ರಸ್ತಾಪವೇ ಇಲ್ಲ ಎಂದು ಅಪ್ಪನಿಗೆ ಓದಿ ಹೇಳಬಲ್ಲ ಮಗಳು ಮನೆಯ ದೊಡ್ಡ ಬಲ.

ಇಂದೇ ಶುರುಮಾಡಿ. ಗ್ರಂಥಾಲಯಕ್ಕೆ ಹೋಗಿ ಇಂಗ್ಲಿಷ್ ಪತ್ರಿಕೆಯೊಂದರಿಂದ ವಿಜ್ಞಾನದ ಅಥವಾ ಇತಿಹಾಸದ ಒಂದು ಲೇಖನ ಆರಿಸಿ. ಓದಿ ಮೂರು ಹೇಳಿಕೆ ಬರೆಯಿರಿ: ಲೇಖನ ಒಪ್ಪುವಂಥದ್ದು ಒಂದು, ಅಲ್ಲಗಳೆಯುವಂಥದ್ದು ಒಂದು, ಅದು ಮಾತೇ ಆಡದಿರುವಂಥದ್ದು ಒಂದು. ಗೆಳೆಯರಿಗೆ ಕೊಟ್ಟು ಉತ್ತರಿಸಲು ಹೇಳಿ, ಅವರು ಬರೆದದ್ದಕ್ಕೆ ನೀವು ಉತ್ತರಿಸಿ. ಉತ್ತರ ಹೊಂದದಿದ್ದಲ್ಲಿ ಇಬ್ಬರೂ ಸಾಲು ತೋರಿಸಿ ವಾದ ಮಾಡಿ. ಪ್ರಶ್ನೆ ಕಟ್ಟಲು ಕಲಿತವರಿಗೆ ಉತ್ತರ ಹುಡುಕುವುದು ಕಷ್ಟವಲ್ಲ.